15 ದಿನ ತಯಾರಿ ಮಾಡಿದ್ದೆ, ಮೂರನೇ ನಿಮಿಷಕ್ಕೆ ಎಲ್ಲ ಮರೆತೆ. ನನ್ನ ಅಭ್ಯಾಸದಲ್ಲಿ ಎಲ್ಲಿ ತಪ್ಪಿದೆ?

ಒಣಗಂಟಲು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹೋದ ವಾರ ಕೆಲಸದ ಜಾಗದಲ್ಲಿ ಸುಮಾರು 40 ಜನರ ಮುಂದೆ 10 ನಿಮಿಷ ಮಾತಾಡಬೇಕಿತ್ತು. 15 ದಿನ ಮುಂಚೆಯೇ ತಯಾರಿ ಶುರು ಮಾಡಿದ್ದೆ. ಪೂರ್ತಿ ಬರೆದೆ, ತಿದ್ದಿದೆ, ದಿನಾ ರಾತ್ರಿ ಮಲಗುವ ಮುಂಚೆ ಓದಿದೆ. ಬಾಯಿಪಾಠವೂ ಆಗಿತ್ತು. ಆ ದಿನ ಎದ್ದು ನಿಂತಾಗ ಮೊದಲ ಎರಡು ನಿಮಿಷ ಚೆನ್ನಾಗಿಯೇ ಹೋಯಿತು. ಮೂರನೇ ನಿಮಿಷದಲ್ಲಿ ಒಂದು ವಾಕ್ಯ ಮಾಯ. ಅದರ ಹಿಂದಿನದು ನೆನಪಿದೆ, ಮುಂದಿನದೂ ಮಸುಕಾಗಿ ನೆನಪಿದೆ, ನಡುವಿನದು ಮಾತ್ರ ಇಲ್ಲ. ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕೊನೆಗೆ ಜನರಿಗೆ ಬೆನ್ನು ಹಾಕಿ ಪರದೆ ಮೇಲಿದ್ದ ಸ್ಲೈಡ್ ಓದಿದೆ. 10 ನಿಮಿಷದ ಮಾತು 6 ನಿಮಿಷಕ್ಕೆ ಮುಗಿಯಿತು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಮೂರು ತಿಂಗಳಿಗೆ ಇನ್ನೊಂದು ಸಲ ಮಾತಾಡುವುದಿದೆ. ನನ್ನ ಅಭ್ಯಾಸದ ರೀತಿಯೇ ತಪ್ಪಾ, ಅಥವಾ ಇದು ನನ್ನಂಥವರಿಗೆ ಒಗ್ಗುವ ಕೆಲಸವೇ ಅಲ್ವಾ? "ಧೈರ್ಯವಾಗಿರಿ" ಅನ್ನುವ ಸಲಹೆ ಬೇಡ. ಇದ್ದಿದ್ದರೆ ಇಲ್ಲಿ ಯಾಕೆ ಬರೆಯುತ್ತಿದ್ದೆ.

ಹಿಂದಿನಬೆಂಚು:

ಒಂದೇ ಪ್ರಶ್ನೆ. ಈ 15 ದಿನದಲ್ಲಿ ಎದ್ದು ನಿಂತು, ಗಟ್ಟಿಯಾಗಿ, ಮೊದಲಿಂದ ಕೊನೆತನಕ ಎಷ್ಟು ಸಲ ಹೇಳಿದಿರಿ?

ಒಣಗಂಟಲು:

ನಿಜ ಹೇಳಬೇಕೆಂದರೆ ಒಂದು ಸಲ. ಹಿಂದಿನ ರಾತ್ರಿ, ಕನ್ನಡಿ ಮುಂದೆ. ಉಳಿದಿದ್ದೆಲ್ಲ ಮನಸ್ಸಿನಲ್ಲೇ.

ಹಿಂದಿನಬೆಂಚು:

ಹಾಗಾದರೆ ನೀವು 15 ದಿನ ಓದಿದ್ದೀರಿ. ಮಾತಾಡಿದ್ದು ಒಂದೇ ದಿನ. ಲೆಕ್ಕ ಸರಿಯಾಗಿಯೇ ಇದೆ.

ಬೇಜಾರು ಮಾಡಿಕೊಳ್ಳಬೇಡಿ, ನಾನೂ ವರ್ಷಗಟ್ಟಲೆ ಹೀಗೇ ಮಾಡಿದವನು. ಮನಸ್ಸಿನಲ್ಲಿ ಓದುವಾಗ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನಾಲಿಗೆ ಎಲ್ಲೂ ತೊಡರುವುದಿಲ್ಲ. ಗೊತ್ತಿಲ್ಲದ ಜಾಗವನ್ನು ಕಣ್ಣು ಸಲೀಸಾಗಿ ದಾಟಿಬಿಡುತ್ತದೆ. ಹಾಳೆ ಕೈಯಲ್ಲೇ ಇರುವುದರಿಂದ "ಇದು ನನಗೆ ಬರುತ್ತದೆ" ಅನ್ನಿಸುತ್ತದೆ. ಅದು ನೋಡಿದ ಗುರುತು, ನೆನಪಲ್ಲ. ಎರಡಕ್ಕೂ ಇರುವ ವ್ಯತ್ಯಾಸ ನಿಮಗೆ ತಿಳಿದಿದ್ದು ಮೂರನೇ ನಿಮಿಷದಲ್ಲಿ.

ಸ್ಟಾಪ್‌ವಾಚ್:

ಮೇಲಿನ ಮಾತಿಗೆ ಸೇರಿಸುತ್ತೇನೆ. ಗಟ್ಟಿಯಾಗಿ ಹೇಳುವುದರ ಜೊತೆಗೆ ಮುಂದೆ ಜನ ಇರಬೇಕು. ನಾನು ಆರು ವರ್ಷದಿಂದ ಒಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗುತ್ತಿದ್ದೇನೆ. ಹೆಸರು ಕೇಳಿ ಇದೇನೋ ಪಾರ್ಟಿ ವ್ಯವಹಾರ ಅಂದುಕೊಳ್ಳಬೇಡಿ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ್ದು. ಈಗ ಜಗತ್ತಿನಾದ್ಯಂತ ಇದೆ. ಅಲ್ಲಿ ಪಾಠ ಮಾಡುವ ಮೇಷ್ಟ್ರು ಯಾರೂ ಇಲ್ಲ. ಸದಸ್ಯರೇ ಸರದಿ ಮೇಲೆ ಮಾತಾಡುತ್ತಾರೆ, ಸದಸ್ಯರೇ ತಪ್ಪು ಒಪ್ಪು ಹೇಳುತ್ತಾರೆ.

ಒಂದು ಸಭೆಯಲ್ಲಿ ಮೂರು ಭಾಗ. ಮೊದಲೇ ತಯಾರಾಗಿ ಬಂದ ಭಾಷಣ, ಸಾಮಾನ್ಯವಾಗಿ 5ರಿಂದ 7 ನಿಮಿಷ. ಆಮೇಲೆ ಟೇಬಲ್ ಟಾಪಿಕ್ಸ್. ಅಂದರೆ ವಿಷಯವನ್ನು ಅಲ್ಲೇ ಕೊಡುತ್ತಾರೆ, ಎದ್ದು 1ರಿಂದ 2 ನಿಮಿಷ ಮಾತಾಡಬೇಕು. ಕೊನೆಗೆ ವಿಮರ್ಶೆ. ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ಭಾಷೆ ಗಮನಿಸುತ್ತಾರೆ, ಇನ್ನೊಬ್ಬರು ಕೂತು ನೀವು ಎಷ್ಟು ಸಲ "ಆ..." ಅಂದಿರಿ ಎಂದು ಎಣಿಸುತ್ತಾರೆ. ನಾನು ಹೆಚ್ಚಾಗಿ ಸಮಯ ನೋಡುವವನು, ಅದಕ್ಕೇ ಈ ಹೆಸರು. 7 ನಿಮಿಷದ ಭಾಷಣ ಅಂದರೆ ಮಾತಾಡುವವರಿಗೆ 5ಕ್ಕೆ ಹಸಿರು ಸೂಚನೆ, 6ಕ್ಕೆ ಹಳದಿ, 7ಕ್ಕೆ ಕೆಂಪು ತೋರಿಸುತ್ತೇನೆ.

ನನ್ನ ಮೊದಲ ಟೇಬಲ್ ಟಾಪಿಕ್ ನಡೆದಿದ್ದು 22 ಸೆಕೆಂಡು. ಎದ್ದೆ, "ಇದು ಒಳ್ಳೆಯ ವಿಷಯ" ಅಂದೆ, ಕೂತೆ. ಅಷ್ಟೇ. ಆದರೆ ಎರಡು ವಾರಕ್ಕೆ ಮತ್ತೆ ಸಭೆ ಇತ್ತು. ಕ್ಲಬ್ಬಿನಿಂದ ನಿಜವಾದ ಲಾಭ ಇದೇ ನೋಡಿ. ತಪ್ಪಿಸಿಕೊಳ್ಳಲಾಗದ ಒಂದು ತಾರೀಖು ಕ್ಯಾಲೆಂಡರಿನಲ್ಲಿ ಸದಾ ಇರುತ್ತದೆ. ಮೊದಲು ಅತಿಥಿಯಾಗಿ ಹೋಗಿ ಸುಮ್ನೆ ಕೂತು ನೋಡಬಹುದು.

ಅಡ್ಡಪ್ರಶ್ನೆ:

ನಾನು ಒಂದು ವರ್ಷ ಇಂಥ ಕೂಟಕ್ಕೆ ಹೋಗಿ ಬಿಟ್ಟವನು. ಅಲ್ಲಿ ಎಲ್ಲರಿಗೂ ಚಪ್ಪಾಳೆ. ಚೆನ್ನಾಗಿ ಮಾತಾಡಿದವರಿಗೂ ಚಪ್ಪಾಳೆ, ಏನೂ ಹೇಳದೆ ಏಳು ನಿಮಿಷ ಕೈ ಬೀಸಿದವರಿಗೂ ಚಪ್ಪಾಳೆ. ನನಗೆ "ಆ..." ಅನ್ನುವುದು ನಿಂತಿತು, ನಿಜ. ಆದರೆ ಹೇಳಲು ವಿಷಯವೇ ಇಲ್ಲದಿದ್ದರೆ ಸ್ವಚ್ಛವಾಗಿ ಹೇಳಿ ಏನು ಪ್ರಯೋಜನ?

ಇನ್ನೊಂದು. ಅಭ್ಯಾಸ ಮಾಡಿದರೆ ಬಂದೇ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಪ್ಪನ್ನೇ ನೂರು ಸಲ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. 30 ವರ್ಷದಿಂದ ಸಭೆಗಳಲ್ಲಿ ಮಾತಾಡುತ್ತಾ ಬಂದವರು ಎಷ್ಟು ಜನ ಕೇಳುವವರನ್ನು ಈಗಲೂ ನಿದ್ದೆಗೆ ದೂಡುತ್ತಿಲ್ಲ? ಅವರಿಗೆ ಅಭ್ಯಾಸ ಕಡಿಮೆಯಾ? ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್‌ಸನ್ ಮತ್ತು ಜೊತೆಗಾರರು 1993ರಲ್ಲಿ ಪಿಟೀಲು ಕಲಿಯುವವರ ಬಗ್ಗೆ ಬರೆದಿದ್ದನ್ನು ಜನ "ಇಷ್ಟು ಸಾವಿರ ಗಂಟೆ ಮಾಡಿ" ಅಂತ ಸುಲಭ ಮಾಡಿಕೊಂಡಿದ್ದಾರೆ. ಅವರು ಒತ್ತಿ ಹೇಳಿದ್ದು ಗಂಟೆಯನ್ನಲ್ಲ, ಗಂಟೆಯೊಳಗೆ ಏನು ಮಾಡುತ್ತೀರಿ ಅನ್ನುವುದನ್ನು. ಎಲ್ಲಿ ಬರುವುದಿಲ್ಲವೋ ಅಲ್ಲೇ ಕೂರಬೇಕು. ಯಾರಾದರೂ ನೋಡಿ ತಿದ್ದಬೇಕು.

ಸ್ಟಾಪ್‌ವಾಚ್:

ನಿಮ್ಮ ಕ್ಲಬ್ಬು ಚೆನ್ನಾಗಿರಲಿಲ್ಲ ಅಂತ ಕಾಣುತ್ತದೆ. ನಮ್ಮಲ್ಲಿ ವಿಮರ್ಶೆ ಮಾಡುವವರು ಕನಿಷ್ಠ ಒಂದು ಕೊರತೆ ಹೇಳಲೇಬೇಕು. ಆದರೆ ಚಪ್ಪಾಳೆ ಜಾಸ್ತಿ ಅನ್ನುವುದು ಸುಳ್ಳಲ್ಲ. ಆ ಮಾತು ಒಪ್ಪಿದೆ.

ಪಾಠದಕ್ಕ:

ಅಡ್ಡಪ್ರಶ್ನೆಯವರ ಮಾತಿನಲ್ಲಿ ತೂಕ ಇದೆ. ತಿದ್ದುವವರು ಸಿಗದಿದ್ದರೆ ಏನು ಮಾಡುವುದು ಅನ್ನುವುದಕ್ಕೆ ನನ್ನ ಉತ್ತರ: ಫೋನು. ನಾನು 20 ವರ್ಷದಿಂದ ಪಾಠ ಮಾಡುತ್ತಿದ್ದೇನೆ, ದಿನಕ್ಕೆ ನಾಲ್ಕು ತರಗತಿ. ಚೆನ್ನಾಗಿ ಮಾತಾಡುತ್ತೇನೆ ಅನ್ನುವ ಭ್ರಮೆ ನನಗೂ ಇತ್ತು. ಒಂದು ದಿನ ನನ್ನದೇ 40 ನಿಮಿಷದ ಪಾಠ ರೆಕಾರ್ಡ್ ಮಾಡಿ ಕೇಳಿದೆ. "ಅರ್ಥ ಆಯ್ತಾ" 31 ಸಲ ಅಂದಿದ್ದೆ. ಒಂದು ಸಲವೂ ಉತ್ತರಕ್ಕೆ ಕಾದಿರಲಿಲ್ಲ.

ರೆಕಾರ್ಡಿಂಗ್ ಮೊದಲ ಸಲ ಕೇಳುವಾಗ ಎಲ್ಲರಿಗೂ ಅಸಹ್ಯವಾಗುತ್ತದೆ. "ಇದು ನನ್ನ ದನಿಯಾ?" ಅನ್ನಿಸುತ್ತದೆ. ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದ ಮಾತ್ರ ಕೇಳುವುದಿಲ್ಲ, ತಲೆಯ ಮೂಳೆಗಳ ಮೂಲಕವೂ ಒಳಗಿವಿಗೆ ಹೋಗುತ್ತದೆ. ಅದರಿಂದ ದನಿ ದಪ್ಪಗೆ, ತುಂಬಿದ ಹಾಗೆ ಕೇಳಿಸುತ್ತದೆ. ರೆಕಾರ್ಡಿಂಗಿನಲ್ಲಿ ಆ ಭಾಗ ಇಲ್ಲ, ಹಾಗಾಗಿ ತೆಳ್ಳಗೆ ಅನ್ನಿಸುತ್ತದೆ. ಉಳಿದವರು ನಿಮ್ಮನ್ನು ಕೇಳುತ್ತಾ ಬಂದಿರುವುದು ಆ ತೆಳು ದನಿಯಲ್ಲೇ. ಅವರಿಗೇನೂ ವಿಚಿತ್ರ ಅನ್ನಿಸುವುದಿಲ್ಲ. ನಾಲ್ಕೈದು ಸಲ ಕೇಳಿದ ಮೇಲೆ ನಿಮಗೂ ಅನ್ನಿಸುವುದಿಲ್ಲ.

ಒಂದೇ ರೆಕಾರ್ಡಿಂಗನ್ನು ನಾನು ಮೂರು ಸಲ ಕೇಳುತ್ತೇನೆ. ಮೊದಲ ಸಲ ಸುಮ್ನೆ. ಎರಡನೇ ಸಲ ಪೆನ್ನು ಹಿಡಿದು, ಮಾತಿನ ಸಂದಿಗೆ ತುರುಕಿದ ಪದಗಳಿಗೆ ಒಂದೊಂದು ಗೆರೆ. ಕನ್ನಡದಲ್ಲಿ ಇವಕ್ಕೆ ಬರವಿಲ್ಲ. ಅಂದ್ರೆ, ಅದೇ, ಮತ್ತೆ, ಆಮೇಲೆ, ಏನಪ್ಪಾ ಅಂದ್ರೆ, ಏನಾಗುತ್ತೆ ಅಂದ್ರೆ, ಸೋ, ಬೇಸಿಕಲಿ, ಆಕ್ಚುಲಿ. ಒಬ್ಬೊಬ್ಬರಿಗೆ ಒಂದೊಂದು ಅಂಟಿಕೊಂಡಿರುತ್ತದೆ. ಮೂರನೇ ಸಲ ಕೇಳುವಾಗ ಒಂದೇ ಪ್ರಶ್ನೆ: ಎಲ್ಲಿ ಗಮನ ತಪ್ಪಿತು? ನನ್ನ ಮಾತನ್ನು ಕೇಳುತ್ತಾ ನನಗೇ ಬೇರೆ ಯೋಚನೆ ಬಂತು ಅಂದರೆ ಆ ಜಾಗಕ್ಕೆ ಕತ್ತರಿ.

ತಿದ್ದುವಾಗ ಒಂದು ವಾರಕ್ಕೆ ಒಂದೇ. ಈ ವಾರ ವೇಗ ಅಂದರೆ ವೇಗ ಮಾತ್ರ. ಕೈ, ಕಣ್ಣು, ನಿಲುವು, ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಬೊಂಬೆ ಥರ ಆಗುತ್ತೀರಿ.

ಹಾಗಂತ "ಆ..." ಅನ್ನುವುದನ್ನು ಸೊನ್ನೆಗೆ ಇಳಿಸುವ ಹಟ ಬೇಡ. 2002ರಲ್ಲಿ ಮನಶ್ಶಾಸ್ತ್ರಜ್ಞರಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಇಂಗ್ಲಿಷಿನ "ಅಹ್", "ಅಮ್" ಬಗ್ಗೆ ಬರೆದರು. ಅವು ಬರೀ ಕಸ ಅಲ್ಲ, "ತಡೆಯಿರಿ, ಮಾತು ಬರುತ್ತಿದೆ" ಅನ್ನುವ ಸೂಚನೆ, ಚಿಕ್ಕ ತಡಕ್ಕೆ ಒಂದು ದೊಡ್ಡ ತಡಕ್ಕೆ ಇನ್ನೊಂದು ಅನ್ನುವುದು ಅವರ ವಾದ. ಅಲ್ಲೊಂದು ಇಲ್ಲೊಂದು ಇದ್ದರೆ ಮನುಷ್ಯರ ಮಾತು. ವಾಕ್ಯಕ್ಕೆ ಎರಡಿದ್ದರೆ ತೊಂದರೆ.

ಒಣಗಂಟಲು:

ಅಕ್ಕಾ, ಈಗಷ್ಟೇ ಎರಡು ನಿಮಿಷ ರೆಕಾರ್ಡ್ ಮಾಡಿ ನೋಡಿದೆ. "ಅಂದ್ರೆ" 17 ಸಲ. ಫೋನ್ ಮಗುಚಿ ಇಟ್ಟಿದ್ದೇನೆ.

ಪಾಠದಕ್ಕ:

ಶುಭಾರಂಭ. ಅದನ್ನು ಅಳಿಸಬೇಡಿ. ಮೂರು ತಿಂಗಳ ಮೇಲೆ ಬೇಕಾಗುತ್ತದೆ.

ಕಲ್ಲುಸಕ್ಕರೆ:

ಗ್ರೀಕ್ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದನಂತೆ. ಯಾರಾದರೂ ಮಾಡಿ ನೋಡಿದ್ದೀರಾ?

ಹಿಂದಿನಬೆಂಚು:

ದಯವಿಟ್ಟು ಮಾಡಬೇಡಿ. ಕಲ್ಲು ಗಂಟಲಿಗೆ ಇಳಿದರೆ ಭಾಷಣವೂ ಇಲ್ಲ, ಭಾಷಣಕಾರನೂ ಇಲ್ಲ. ಆ ಕತೆ ಜೀವನಚರಿತ್ರೆಗಳನ್ನು ಬರೆದ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದು, ಡೆಮಾಸ್ತನೀಸ್ ಸತ್ತು ನಾನೂರು ವರ್ಷದ ಆಸುಪಾಸು ಆದ ಮೇಲೆ. ಅದೇ ಪ್ಲೂಟಾರ್ಕ್ ಹೇಳುವ ಇನ್ನೊಂದು ಸಂಗತಿ ನನಗೆ ಜಾಸ್ತಿ ಇಷ್ಟ. ಡೆಮಾಸ್ತನೀಸ್ ನೆಲಮಾಳಿಗೆಯಲ್ಲಿ ಅಭ್ಯಾಸದ ಕೋಣೆ ಮಾಡಿಕೊಂಡು, ಹೊರಗೆ ಹೋಗಲು ನಾಚಿಕೆಯಾಗಲಿ ಅಂತ ತಲೆಯ ಒಂದು ಪಕ್ಕ ಬೋಳಿಸಿಕೊಳ್ಳುತ್ತಿದ್ದನಂತೆ. ಕಲ್ಲಿಗಿಂತ ಅದು ಪ್ರಯೋಜನದ ಉಪಾಯ. ದಿನಾ ಕೂರಲು ಏನಾದರೊಂದು ಕಟ್ಟುಪಾಡು ಬೇಕು ಅಂತ ಅವನಿಗೂ ಗೊತ್ತಿತ್ತು.

ಸ್ಟಾಪ್‌ವಾಚ್:

ನಾನು ತಾರೀಖು ಸಾಕು ಅಂತೀನಿ. ಕೂದಲು ಈಗಾಗಲೇ ಕಡಿಮೆ ಇದೆ.

ಮೂರನೇಸಾಲು:

ಮೂಲ ಪ್ರಶ್ನೆಗೆ ಬರೋಣ. ಒಣಗಂಟಲು ಅವರೇ, ನಿಮ್ಮನ್ನು ಕೆಡವಿದ್ದು ಬಾಯಿಪಾಠ. ಪೂರ್ತಿ ಬಾಯಿಪಾಠ ಮಾಡಿದಾಗ ಒಂದು ವಾಕ್ಯದ ಬಾಲ ಹಿಡಿದು ಮುಂದಿನ ವಾಕ್ಯ ಬರುತ್ತದೆ. ಒಂದು ಕೊಂಡಿ ಕಳಚಿದರೆ ಸರಪಳಿಯೇ ಹೋಯಿತು. ವಿನ್‌ಸ್ಟನ್ ಚರ್ಚಿಲ್‌ಗೂ ಹೀಗೇ ಆಗಿದೆ. 1904ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಬಾಯಿಪಾಠದ ಭಾಷಣ ಮಾಡುತ್ತಿದ್ದಾಗ ನಡುವೆ ಎಳೆ ತಪ್ಪಿ, ಹುಡುಕಾಡಿ, ಕೊನೆಗೆ ಮುಗಿಸದೆ ಕೂತುಬಿಟ್ಟರು. ಆಮೇಲಿಂದ ಕೈಯಲ್ಲಿ ಟಿಪ್ಪಣಿ ಇಲ್ಲದೆ ದೊಡ್ಡ ಭಾಷಣಕ್ಕೆ ಹೋಗುವುದನ್ನು ಬಿಟ್ಟರು. ಅವರನ್ನು ಯಾರೂ ಭಾಷಣ ಬಾರದವರು ಅನ್ನುವುದಿಲ್ಲ, ಅಲ್ವಾ?

ನಾನು ಮಾಡುವುದು ಇಷ್ಟು. ಮೊದಲ ಎರಡು ವಾಕ್ಯ ಬಾಯಿಪಾಠ. ಕೊನೆಯ ಒಂದು ವಾಕ್ಯ ಬಾಯಿಪಾಠ. ನಡುವೆ ಐದಾರು ಗೂಟ. ಗೂಟ ಅಂದರೆ ಒಂದು ಪದ ಅಥವಾ ಒಂದು ಸಣ್ಣ ಘಟನೆ. ಅಂಗೈ ಅಗಲದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಗೂಟದಿಂದ ಗೂಟಕ್ಕೆ ಹೇಗೆ ಹೋಗುವುದು ಅನ್ನುವುದು ಪ್ರತಿ ಅಭ್ಯಾಸದಲ್ಲೂ ಸ್ವಲ್ಪ ಬೇರೆ ಇರುತ್ತದೆ. ಇರಲಿ. ಬೇರೆ ಬೇರೆ ದಾರಿಯಲ್ಲಿ ಹತ್ತು ಸಲ ನಡೆದಿದ್ದರೆ ಒಂದು ದಾರಿ ಮುಚ್ಚಿದರೂ ಇನ್ನೊಂದು ಗೊತ್ತಿರುತ್ತದೆ.

ಪರದೆಹಿಂದೆ:

ಇಲ್ಲಿ ನನ್ನದು ತಕರಾರು. ನಾನು ನಾಟಕದವನು. ಎರಡು ಗಂಟೆಯ ಮಾತು ಅಕ್ಷರ ಬಿಡದೆ ಬಾಯಿಪಾಠ ಮಾಡುತ್ತೇವೆ, ಯಾರೂ ಮೂರನೇ ನಿಮಿಷಕ್ಕೆ ಬೀಳುವುದಿಲ್ಲ. ತೊಂದರೆ ಬಾಯಿಪಾಠದಲ್ಲಿಲ್ಲ, ಅರ್ಧ ಬಾಯಿಪಾಠದಲ್ಲಿದೆ. ಒಂದು ಮಟ್ಟದವರೆಗೆ ನೆನಪಾಗಿ, ಆದರೆ ನಾಲಿಗೆಗೆ ಇಳಿಯದೆ ಇರುವ ಒಂದು ಹಂತ ಇದೆ. ಆ ಹಂತದಲ್ಲಿ ಮಾತಾಡುವವರ ಕಣ್ಣು ಮೇಲಕ್ಕೆ ಹೋಗುತ್ತದೆ, ತಲೆಯೊಳಗಿನ ಹಾಳೆ ಓದುತ್ತಿರುತ್ತಾರೆ. ಕೇಳುವವರಿಗೆ ತಕ್ಷಣ ತಿಳಿಯುತ್ತದೆ.

ಮಾತು ನಾಲಿಗೆಗೆ ಇಳಿದಿದೆಯಾ ಅಂತ ನೋಡಲು ನಮ್ಮಲ್ಲಿ ಎರಡು ಪರೀಕ್ಷೆ. ಬಟ್ಟೆ ಮಡಿಸುತ್ತಾ ಹೇಳಿ. ಕೈ ನಿಂತಿತು ಅಂದರೆ ಇನ್ನೂ ಇಳಿದಿಲ್ಲ. ಎರಡನೆಯದು, ಯಾರಾದರೂ ನಡುವಿನ ಒಂದು ವಾಕ್ಯ ಕೊಡಲಿ, ಅಲ್ಲಿಂದ ಶುರು ಮಾಡಿ. ಎಲ್ಲರೂ ಮೊದಲಿಂದಲೇ ಶುರು ಮಾಡುತ್ತಾರೆ, ಅದಕ್ಕೇ ಎಲ್ಲರ ಮೊದಲ ಎರಡು ನಿಮಿಷ ಅದ್ಭುತವಾಗಿರುತ್ತದೆ.

ಮೂರನೇಸಾಲು:

ಕೊನೆಯ ಮಾತಿಗೆ ನಮಸ್ಕಾರ. ಆದರೆ ನಿಮಗೆ ಪಕ್ಕದಲ್ಲಿ ಸಾಲು ಎತ್ತಿಕೊಡುವವರಿರುತ್ತಾರೆ, ಎದುರು ಪಾತ್ರ ಇರುತ್ತದೆ, ತಿಂಗಳುಗಟ್ಟಲೆ ತಾಲೀಮು ಇರುತ್ತದೆ. ಕೆಲಸದ ನಡುವೆ 10 ನಿಮಿಷ ಮಾತಾಡುವವರಿಗೆ ಅಷ್ಟು ಸಮಯ ಎಲ್ಲಿ?

ಪರದೆಹಿಂದೆ:

ಅದಕ್ಕೇ ಹೇಳಿದ್ದು. ಪೂರ್ತಿ ಮಾಡಿ, ಇಲ್ಲವೇ ಮಾಡಲೇಬೇಡಿ. ಒಣಗಂಟಲು ಅವರಿಗೆ ನಿಮ್ಮ ಗೂಟವೇ ಸರಿ.

ನಿಧಾನಿ:

ಯಾರೂ ಹೇಳದ ಒಂದು ವಿಷಯ. ನಾವು ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ಕೂತು ಬರೆದ ತಕ್ಷಣ ಕೈ ತಾನಾಗಿ "ಈ ನಿಟ್ಟಿನಲ್ಲಿ ನಾವೆಲ್ಲರೂ ಕಾರ್ಯೋನ್ಮುಖರಾಗಬೇಕಾದ ಅನಿವಾರ್ಯತೆ ಎದುರಾಗಿದೆ" ಅಂತ ಬರೆಯುತ್ತದೆ. ಅದನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿ. ಹೇಳಿದರೂ ಅದು ನಿಮ್ಮ ಮಾತಲ್ಲ, ಅದಕ್ಕೇ ನೆನಪಿನಲ್ಲಿ ನಿಲ್ಲುವುದಿಲ್ಲ. "ಇನ್ನು ಕಾಯೋದು ಬೇಡ, ಕೆಲಸ ಶುರು ಮಾಡೋಣ" ಅನ್ನುವುದನ್ನು ಯಾರಾದರೂ ಮರೆಯುತ್ತಾರಾ?

ನಾನು ಉಲ್ಟಾ ಮಾಡುತ್ತೇನೆ. ಮೊದಲು ಗೆಳೆಯರೊಬ್ಬರಿಗೆ ಹೇಳುವ ಹಾಗೆ ಫೋನಿಗೆ ಹೇಳಿ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಅದನ್ನು ಕೇಳಿ ಬರೆದುಕೊಳ್ಳುತ್ತೇನೆ. ಬರಹ ಮಾತಿನಿಂದ ಹುಟ್ಟಬೇಕು.

ಹಾಗೆಯೇ ವೇಗ. ನಿಮಿಷಕ್ಕೆ 130ರಿಂದ 150 ಪದ ಅನ್ನುವ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ಅದು ಇಂಗ್ಲಿಷಿನ ಲೆಕ್ಕ. ನಮ್ಮ "ಹೋಗಬೇಕಾಗಿತ್ತಂತೆ" ಒಂದೇ ಪದ, ಅವರಿಗೆ ಅದನ್ನು ಹೇಳಲು ಐದಾರು ಪದ ಬೇಕು. ನಾನು ನನ್ನ ಸಮಾಧಾನದ ವೇಗ ಎಣಿಸಿದಾಗ ನಿಮಿಷಕ್ಕೆ 90ರ ಆಸುಪಾಸು ಬಂತು. ಗಾಬರಿಯಾದಾಗ ಅದೇ 120 ದಾಟಿತ್ತು. ನಿಮ್ಮದು ನೀವೇ ಎಣಿಸಿಕೊಳ್ಳಿ. ಇಂಗ್ಲಿಷ್ ಲೆಕ್ಕ ಹಿಡಿದು ಓಡಿದರೆ ಕೇಳುವವರು ಹಿಂದೆಯೇ ಉಳಿಯುತ್ತಾರೆ.

ಮೌನಿ:

ಇಷ್ಟು ಹೊತ್ತು ಓದಿದೆ. ನನ್ನ ಸಮಸ್ಯೆ ಇದ್ಯಾವುದೂ ಅಲ್ಲ. ವಿಷಯ ಗೊತ್ತು, ಮನೆಯಲ್ಲಿ ಚೆನ್ನಾಗಿ ಬರುತ್ತದೆ. ಎದ್ದು ನಿಂತ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಹತ್ತು ವರ್ಷದಿಂದ ಹೀಗೇ. ನಿಮಗೆಲ್ಲ ಭಯ ಯಾವಾಗ ಹೋಯಿತು?

ಹಿಂದಿನಬೆಂಚು:

ಹೋಗಿಲ್ಲ.

ಸ್ಟಾಪ್‌ವಾಚ್:

ನನಗೂ ಹೋಗಿಲ್ಲ. ಮೊದಲು ಹಿಂದಿನ ದಿನವೇ ಶುರುವಾಗುತ್ತಿತ್ತು, ಈಗ ಹತ್ತು ನಿಮಿಷ ಮುಂಚೆ ಶುರುವಾಗುತ್ತದೆ. ಮಾತು ಶುರುವಾಗಿ ಒಂದೆರಡು ನಿಮಿಷಕ್ಕೆ ಇಳಿಯುತ್ತದೆ. ಅಷ್ಟೇ ವ್ಯತ್ಯಾಸ.

ಪಾಠದಕ್ಕ:

ಮೌನಿ ಅವರೇ, ಇದು ನಿಮ್ಮೊಬ್ಬರ ದೌರ್ಬಲ್ಯ ಅಂದುಕೊಂಡಿದ್ದರೆ ಇದನ್ನು ಕೇಳಿ. ಮನುಷ್ಯರ ಮೈ ಒತ್ತಡಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಅಂತ ಅಳೆಯಲು ವಿಜ್ಞಾನಿಗಳಿಗೆ ಒತ್ತಡ ಹುಟ್ಟಿಸುವ ಒಂದು ಖಾತ್ರಿ ವಿಧಾನ ಬೇಕಿತ್ತು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಅವರು ಕಂಡುಕೊಂಡ ವಿಧಾನ ಏನು ಗೊತ್ತಾ? ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಕೂತವರ ಮುಂದೆ 5 ನಿಮಿಷ ಭಾಷಣ ಮಾಡಿಸುವುದು, ಆಮೇಲೆ ಅವರ ಮುಂದೆಯೇ ಬಾಯಿಲೆಕ್ಕ ಮಾಡಿಸುವುದು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರುತ್ತದೆ, ಎದೆಬಡಿತ ಏರುತ್ತದೆ. ಇವತ್ತಿಗೂ ಪ್ರಯೋಗಗಳಲ್ಲಿ ಅದನ್ನೇ ಬಳಸುತ್ತಾರೆ. ಅಂದರೆ ನೀವು ಸರಿಯಾಗಿಯೇ ಕೆಲಸ ಮಾಡುತ್ತಿದ್ದೀರಿ.

ಇನ್ನೊಂದು ನನಗೆ ತುಂಬಾ ಸಹಾಯ ಮಾಡಿದ ಸಂಗತಿ. ನಮ್ಮ ಒಳಗಿನ ಗಾಬರಿ ಹೊರಗೆ ಕಾಣುತ್ತಿದೆ ಅಂತ ನಾವು ಅಂದುಕೊಳ್ಳುವಷ್ಟು ಅದು ಕಾಣುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭಾಷಣಕ್ಕೆ ಮುಂಚೆ ಈ ವಿಷಯವನ್ನು ಹೇಳಿಸಿಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಬರೀ ತಿಳಿದುಕೊಂಡಿದ್ದಕ್ಕೇ. ನಿಮ್ಮ ಕೈ ನಡುಗುವುದು ಮೂರನೇ ಸಾಲಿನವರಿಗೆ ಕಾಣುವುದಿಲ್ಲ. ಕೈಯಲ್ಲಿ ಹಾಳೆ ಇದ್ದರೆ ಮಾತ್ರ ಕಾಣುತ್ತದೆ, ಹಾಳೆ ಪಟಪಟ ಅನ್ನುತ್ತದೆ. ಅದಕ್ಕೇ ದಪ್ಪ ಚೀಟಿ ಇಟ್ಟುಕೊಳ್ಳಿ.

ಮೂರನೇಸಾಲು:

ನನ್ನ ಹೆಸರು ಎಳೆದಿರಿ. ನಿಜ, ನನಗೆ ಕಾಣುವುದಿಲ್ಲ.

ಕಲ್ಲುಸಕ್ಕರೆ:

"ಸಮಾಧಾನ, ಸಮಾಧಾನ" ಅಂತ ಹೇಳಿಕೊಳ್ಳುವ ಬದಲು "ಐ ಆಮ್ ಎಕ್ಸೈಟೆಡ್" ಅಂತ ಹೇಳಿಕೊಳ್ಳಬೇಕು ಅಂತ ಎಲ್ಲೋ ಓದಿದ್ದೆ.

ನಿಧಾನಿ:

ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ್ದು. ಹಾಗೆ ಹೇಳಿಕೊಂಡವರ ಭಾಷಣ ಕೇಳುಗರಿಗೆ ಹೆಚ್ಚು ಮನಮುಟ್ಟಿತು. ಹೊಡೆದುಕೊಳ್ಳುತ್ತಿರುವ ಎದೆಯನ್ನು ಸುಮ್ಮನಾಗಿಸುವುದು ಕಷ್ಟ. ಅದೇ ಬಡಿತಕ್ಕೆ ಬೇರೆ ಹೆಸರು ಕೊಡುವುದು ಸುಲಭ. ಆದರೆ ಆ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು? "ನಾನು ಉತ್ಸುಕನಾಗಿದ್ದೇನೆ" ಅಂತ ಮನಸ್ಸಿನಲ್ಲಿ ಹೇಳಿಕೊಂಡರೆ ನನಗೆ ನಗು ಬರುತ್ತದೆ.

ಪರದೆಹಿಂದೆ:

"ಹುರುಪು ಬಂದಿದೆ" ಅನ್ನಿ. ನಾವು ಪರದೆ ಏಳುವ ಮುಂಚೆ "ಬಾರೋ ನೋಡೇಬಿಡೋಣ" ಅಂತೀವಿ. ಅದೇ ಔಷಧಿ.

ಅಡ್ಡಪ್ರಶ್ನೆ:

ನಾಲ್ಕು ಪದ ಹೇಳಿಕೊಂಡರೆ ಹತ್ತು ವರ್ಷದ ಭಯ ಹೋಗುತ್ತದಾ? ಮೌನಿ ಅವರೇ, ಎದ್ದು ನಿಂತಾಗ ಆಗುವ ನಡುಕ ಬೇರೆ. ಭಯದಿಂದ ಅವಕಾಶಗಳನ್ನೇ ಬಿಡುತ್ತಿದ್ದೀರಿ, ವಾರಗಟ್ಟಲೆ ನಿದ್ದೆ ಕೆಡುತ್ತಿದೆ ಅಂದರೆ ಅದು ಬೇರೆ. ಆಗ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಿ. ಯೋಚನೆ ಮತ್ತು ನಡವಳಿಕೆ ಎರಡನ್ನೂ ಹಂತಹಂತವಾಗಿ ತಿದ್ದುವ ಸಿಬಿಟಿ ಚಿಕಿತ್ಸೆ ಇದಕ್ಕೆ ಕೆಲಸ ಮಾಡುತ್ತದೆ. ನಡುಕಕ್ಕೆ ಯಾರೋ ಕೊಟ್ಟ ಪ್ರೊಪ್ರನೊಲಾಲ್ ಮಾತ್ರೆ ನುಂಗುವವರನ್ನೂ ನೋಡಿದ್ದೇನೆ. ವೈದ್ಯರನ್ನು ಕೇಳದೆ ಬೇಡ. ಅಸ್ತಮಾ ಇದ್ದವರಿಗೆ ಅದು ಅಪಾಯ.

ಮೌನಿ:

ನಿದ್ದೆ ಕೆಡುತ್ತದೆ. ಒಂದೆರಡು ಅವಕಾಶ ಬಿಟ್ಟಿದ್ದೇನೆ ಕೂಡ. ನೋಡುತ್ತೇನೆ. ಥ್ಯಾಂಕ್ಸ್.

ಒಣಗಂಟಲು:

ಇಷ್ಟನ್ನೂ ಓದಿ ಒಂದು ಯೋಜನೆ ಹಾಕಿದ್ದೇನೆ. ದಿನಾ ಬೆಳಗ್ಗೆ ಒಂದು ಗಂಟೆ: 20 ನಿಮಿಷ ಉಸಿರಾಟ, 20 ನಿಮಿಷ ಗಟ್ಟಿಯಾಗಿ ಓದು, 20 ನಿಮಿಷ ಭಾಷಣ. ವಾರಕ್ಕೆ ಒಂದು ಹೊಸ ಭಾಷಣ. ಸರಿ ಇದೆಯಾ?

ಹಿಂದಿನಬೆಂಚು:

ನಾಲ್ಕನೇ ದಿನಕ್ಕೆ ಬಿಡುತ್ತೀರಿ.

ಸ್ಟಾಪ್‌ವಾಚ್:

ಮೂರನೇ ದಿನಕ್ಕೆ.

ಪಾಠದಕ್ಕ:

10 ನಿಮಿಷ ಸಾಕು. ಆದರೆ ದಿನಾ. ಭಾನುವಾರ ಎರಡು ಗಂಟೆ ಮಾಡಿ ಉಳಿದ ದಿನ ಸುಮ್ಮನಿರುವುದಕ್ಕಿಂತ ಇದು ಎಷ್ಟೋ ಮೇಲು. ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡಿದ್ದು ಹೆಚ್ಚು ದಿನ ಉಳಿಯುತ್ತದೆ.

ಕಣ್ಣಿಗೆ ಬಿದ್ದ ಒಂದು ವಸ್ತು ಆರಿಸಿ. ಬಾಗಿಲು, ಚಪ್ಪಲಿ, ಏನಾದರೂ. ಒಂದು ನಿಮಿಷ ಯೋಚಿಸಿ, ನಿಂತು ಎರಡು ನಿಮಿಷ ಅದರ ಬಗ್ಗೆ ಮಾತಾಡಿ, ರೆಕಾರ್ಡ್ ಮಾಡಿ. ಕೇಳಿ. ಅದೇ ವಿಷಯವನ್ನು ಇನ್ನೊಂದು ಸಲ ಮಾತಾಡಿ. ಎರಡನೇ ಸಲ ಮಾಡುವುದೇ ಮುಖ್ಯ, ಹೆಚ್ಚಿನವರು ಅದನ್ನೇ ಬಿಡುತ್ತಾರೆ. ಉಸಿರಾಟಕ್ಕೆ 20 ನಿಮಿಷ ಬೇಡ. ಶುರು ಮಾಡುವ ಮುಂಚೆ ಹೊಟ್ಟೆ ಉಬ್ಬುವ ಹಾಗೆ ನಾಲ್ಕು ಸಲ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿ.

ವಾರಕ್ಕೆ ಒಂದು ಸಲ ಯಾರಾದರೂ ಒಬ್ಬರನ್ನು ಕೂರಿಸಿಕೊಳ್ಳಿ. "ಹೇಗಿತ್ತು?" ಅಂತ ಕೇಳಬೇಡಿ, "ಚೆನ್ನಾಗಿತ್ತು" ಅಂತಾರೆ. "ನಾನು ಏನು ಹೇಳಿದೆ, ಹೇಳಿ ನೋಡೋಣ" ಅಂತ ಕೇಳಿ. ಉತ್ತರ ಕೇಳಿ ನಿಮಗೇ ಆಶ್ಚರ್ಯವಾಗುತ್ತದೆ.

ಮೂರನೇಸಾಲು:

ವಾರಕ್ಕೊಂದು ಹೊಸ ಭಾಷಣವೂ ಬೇಡ. ಒಂದೇ ಮಾತನ್ನು ಬೇರೆ ಬೇರೆ ಕಡೆ ಹೇಳಿ. 1963ರ ಆಗಸ್ಟ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ಆಡಿದ "ನನಗೊಂದು ಕನಸಿದೆ" ಅನ್ನುವ ಮಾತು ಎಲ್ಲರಿಗೂ ಗೊತ್ತು. ಅದೇ ಕನಸಿನ ಮಾತನ್ನು ಅದಕ್ಕೆ ಎರಡು ತಿಂಗಳ ಮುಂಚೆ ಡೆಟ್ರಾಯಿಟ್‌ನಲ್ಲೂ ಆಡಿದ್ದರು. ವಾಷಿಂಗ್ಟನ್‌ನಲ್ಲಿ ಆ ದಿನ ಅದು ತಯಾರಿಸಿ ತಂದ ಪ್ರತಿಯಲ್ಲಿ ಇರಲಿಲ್ಲ. ಆದರೂ ಬಂತು, ಯಾಕೆಂದರೆ ನಾಲಿಗೆಯ ಮೇಲೆ ಮೊದಲೇ ಇತ್ತು.

ಒಣಗಂಟಲು (3 ವಾರದ ನಂತರ):

ವರದಿ ಒಪ್ಪಿಸುತ್ತಿದ್ದೇನೆ. 21 ದಿನದಲ್ಲಿ 16 ದಿನ ಮಾಡಿದೆ. ಬಾಗಿಲು, ಛತ್ರಿ, ಬೀಗ, ಹಳೇ ಚಾರ್ಜರ್. ಬೀಗದ ಬಗ್ಗೆ ಎರಡನೇ ಸಲ ಮಾತಾಡಿದ್ದು ಮೊದಲ ಸಲಕ್ಕಿಂತ ಅರ್ಧ ನಿಮಿಷ ಚಿಕ್ಕದು, ಆದರೂ ಹೇಳಬೇಕಾದ್ದೆಲ್ಲ ಇತ್ತು. "ಅಂದ್ರೆ" ಈಗ ಎರಡು ನಿಮಿಷಕ್ಕೆ 6. ಅದರ ಜಾಗಕ್ಕೆ "ಸೋ" ಬಂದು ಕೂತಿದೆ.

ಮನೆಯಲ್ಲಿ ಒಬ್ಬರನ್ನು ಕೂರಿಸಿ "ನಾನು ಏನು ಹೇಳಿದೆ" ಅಂತ ಕೇಳಿದೆ. "ನೀನು ಯಾರ ಮೇಲೋ ಸಿಟ್ಟಾಗಿದ್ದೀಯ" ಅಂದರು. ಛತ್ರಿ ಬಗ್ಗೆ ಮಾತಾಡಿದ್ದೆ.

ನಿಧಾನಿ:

ಹುಬ್ಬು ಗಂಟಿಕ್ಕುತ್ತೀರಿ ಅಂತ ಕಾಣುತ್ತದೆ. ಈ ವಾರ ಒಂದು ಸಲ ವಿಡಿಯೋ ಮಾಡಿ, ದನಿ ಪೂರ್ತಿ ಇಳಿಸಿ ನೋಡಿ.

ಒಣಗಂಟಲು:

ನೋಡಿದೆ. ಹುಬ್ಬೇ.

ಒಣಗಂಟಲು (7 ವಾರದ ನಂತರ):

ಒಂದು ಕ್ಲಬ್ಬಿಗೆ ಅತಿಥಿಯಾಗಿ ಹೋಗಿದ್ದೆ. ಟೇಬಲ್ ಟಾಪಿಕ್‌ಗೆ ಹೆಸರು ಕರೆದರು, ಬೇಡ ಅನ್ನುವಷ್ಟರಲ್ಲಿ ಕಾಲು ಎದ್ದಿತ್ತು. 48 ಸೆಕೆಂಡು. ಸ್ಟಾಪ್‌ವಾಚ್ ಅವರ ದಾಖಲೆ ಮುರಿದಿದ್ದೇನೆ.

ಸ್ಟಾಪ್‌ವಾಚ್:

ಒಂದು ನಿಮಿಷಕ್ಕೆ ಹಸಿರು. ಇನ್ನೂ 12 ಸೆಕೆಂಡು ಬಾಕಿ.

ಒಣಗಂಟಲು (3 ತಿಂಗಳ ನಂತರ):

ನಿನ್ನೆ ಆಯಿತು. ಅದೇ ಕೋಣೆ, ಹೆಚ್ಚುಕಡಿಮೆ ಅದೇ ಜನ. ಒಟ್ಟು 11 ಸಲ ಗಟ್ಟಿಯಾಗಿ ಹೇಳಿದ್ದೆ, ಅದರಲ್ಲಿ ನಾಲ್ಕು ಸಲ ನಡುವಿನಿಂದ. ಚೀಟಿಯಲ್ಲಿ ಆರು ಗೂಟ.

ನಾಲ್ಕನೇ ನಿಮಿಷದಲ್ಲಿ ಮತ್ತೆ ಮರೆತೆ. ಅದೇ ಥರ, ಎಲ್ಲ ಖಾಲಿ. ಗಂಟಲೂ ಒಣಗಿತು. ಪಕ್ಕದಲ್ಲಿ ನೀರಿತ್ತು, ಕುಡಿದೆ. ಚೀಟಿ ನೋಡಿದೆ. ಮುಂದಿನ ಗೂಟ ಸಿಕ್ಕಿತು, ಹೊರಟೆ. ನಿಂತಲ್ಲೇ ಒಂದು ಯುಗ ಕಳೆದ ಹಾಗಾಗಿತ್ತು. ರಾತ್ರಿ ರೆಕಾರ್ಡಿಂಗ್ ಕೇಳಿ ಎಣಿಸಿದೆ, 5 ಸೆಕೆಂಡು. ಪಕ್ಕದಲ್ಲಿ ಕೂತಿದ್ದವರನ್ನು ಕೇಳಿದರೆ "ಎಲ್ಲಿ ಮರೆತಿರಿ?" ಅಂದರು. 9 ನಿಮಿಷ 40 ಸೆಕೆಂಡಿಗೆ ಮುಗಿಯಿತು. "ಅಂದ್ರೆ" ಒಟ್ಟು 14. ಅಕ್ಕಾ, ಹಳೇ ರೆಕಾರ್ಡಿಂಗ್ ಜೊತೆಗಿಟ್ಟು ಕೇಳಿದೆ. ಅಳಿಸಬೇಡಿ ಅಂದಿದ್ದು ಯಾಕೆ ಅಂತ ಗೊತ್ತಾಯಿತು.

ಆದರೆ ಕೊನೆಯಲ್ಲಿ ಒಬ್ಬರು ಪ್ರಶ್ನೆ ಕೇಳಿದರು. ಉತ್ತರ ಗೊತ್ತಿದ್ದ ಪ್ರಶ್ನೆಯೇ. ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡಲಿಲ್ಲ. ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು, ಮನಸ್ಸಿನಲ್ಲಿ ಉತ್ತರಗಳನ್ನು ಯೋಚಿಸಿಯೂ ಇಟ್ಟುಕೊಂಡಿದ್ದೆ. ಹಾಗಿದ್ದೂ ಯಾಕೆ ಹೀಗಾಯಿತು?

ಹಿಂದಿನಬೆಂಚು:

ಒಂದೇ ಪ್ರಶ್ನೆ. ಆ ಉತ್ತರಗಳನ್ನು ಗಟ್ಟಿಯಾಗಿ ಎಷ್ಟು ಸಲ ಹೇಳಿದ್ದಿರಿ?

ಒಣಗಂಟಲು:

ಸೊನ್ನೆ.